ಊರಿಗೆ ನೆಟ್‌ವರ್ಕ್ ಬಂದಿದೆ, ಮನೆಗೆ ಬಂದಿಲ್ಲ: ಮಲೆನಾಡಿನ ಮಕ್ಕಳು ಮತ್ತು ಆನ್‌ಲೈನ್ ಪಾಠ

ಮಲೆನಾಡಿನಲ್ಲಿ ಶಾಲೆಯೂ ಮಳೆಯೂ ಹೆಚ್ಚುಕಮ್ಮಿ ಒಟ್ಟಿಗೇ ಶುರುವಾಗುತ್ತವೆ. ಮೇ ಕೊನೆಗೆ ಶಾಲೆಯ ಬಾಗಿಲು ತೆರೆಯುತ್ತದೆ. ಜೂನ್‌ನಲ್ಲಿ ಮಳೆ ಹಿಡಿಯುತ್ತದೆ. ಜುಲೈ ಹೊತ್ತಿಗೆ ಹೊಸನಗರ, ತೀರ್ಥಹಳ್ಳಿ, ಸಾಗರದ ಕಡೆ ಹಳ್ಳ ಉಕ್ಕಿ ಕಾಲುಸಂಕ ಮುಳುಗಿದರೆ ಶಾಲೆಗೆ ರಜೆ. ರಜೆ ಆದರೇನಂತೆ, ವಾಟ್ಸ್‌ಆ್ಯಪ್ ಗ್ರೂಪಿಗೆ ಪಾಠ ಕಳಿಸಿದರಾಯಿತು ಅಂತ ಪೇಟೆಯಲ್ಲಿ ಕೂತವರಿಗೆ ಅನ್ನಿಸುತ್ತದೆ. ಆದರೆ ಮಳೆ ಜೋರಾದ ದಿನವೇ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋಗಿರುತ್ತದೆ. ಕರೆಂಟು ಹೋದ ಕೆಲವು ಗಂಟೆಗೆ ಟವರಿನ ಬ್ಯಾಟರಿಯೂ ಖಾಲಿ. ಆನ್‌ಲೈನ್ ಪಾಠ ಯಾವ ದಿನ ನಿಜವಾಗಿ ಬೇಕೋ, ಅದೇ ದಿನ ಅದು ಇರುವುದಿಲ್ಲ.

ಬಡ ದೇಶಗಳಲ್ಲಿ ಆನ್‌ಲೈನ್ ಶಿಕ್ಷಣ ಎಷ್ಟು ಮಕ್ಕಳನ್ನು ತಲುಪುತ್ತಿದೆ ಅನ್ನುವ ಚರ್ಚೆ ಜಾಸ್ತಿ ನಡೆಯುವುದು ಟವರ್, ಕೇಬಲ್, ಮೊಬೈಲ್‌ಗಳ ಲೆಕ್ಕದಲ್ಲಿ. ಇಷ್ಟು ಊರಿಗೆ 4ಜಿ ಬಂತು, ಇಷ್ಟು ಪಂಚಾಯಿತಿಗೆ ಫೈಬರ್ ಮುಟ್ಟಿತು ಎಂದು ವರದಿ ಬರುತ್ತದೆ. ಆ ಅಂಕಿ ಸುಳ್ಳಲ್ಲ. ಆದರೆ ಅದು ಅಳೆಯುವುದು ಊರನ್ನು. ಪಾಠ ಕೇಳುವ ಮಗು ಇರುವುದು ಮನೆಯಲ್ಲಿ. ಮಲೆನಾಡಿನಲ್ಲಿ ಊರಿಗೂ ಮನೆಗೂ ನಡುವೆ ಒಂದು ಗುಡ್ಡ, ಎರಡು ತೋಟ, ಒಂದು ಹಳ್ಳ ಇರುತ್ತವೆ. ನನ್ನ ಪ್ರಕಾರ ಇಲ್ಲಿನ ಸಮಸ್ಯೆಯ ಮುಕ್ಕಾಲು ಪಾಲು ಆ ಅಂತರದಲ್ಲೇ ಇದೆ.

ಸ್ವಲ್ಪ ಹಿಂದಕ್ಕೆ ಹೋಗೋಣ. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದಾಗ ಮನೆಯಲ್ಲಿ ಉಳಿದ ಮಕ್ಕಳ ಸಂಖ್ಯೆ ಜಗತ್ತಿನಾದ್ಯಂತ 150 ಕೋಟಿ ದಾಟಿತ್ತು ಎನ್ನುತ್ತದೆ ಯುನೆಸ್ಕೊ. ಅವರಲ್ಲಿ ಕನಿಷ್ಠ 46.3 ಕೋಟಿ ಮಕ್ಕಳಿಗೆ ಇಂಟರ್‌ನೆಟ್, ಟಿವಿ, ರೇಡಿಯೊ ಯಾವುದರಲ್ಲೂ ಪಾಠ ಸಿಗುವಂತಿರಲಿಲ್ಲ ಎಂದು ಅದೇ ವರ್ಷ ಯುನಿಸೆಫ್ ಲೆಕ್ಕ ಕೊಟ್ಟಿತು. ನಮ್ಮ ದೇಶದ ಸ್ಥಿತಿ ಆಗ ಹೇಗಿತ್ತು? 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆ ಪ್ರಕಾರ ಇಂಟರ್‌ನೆಟ್ ಸೌಲಭ್ಯ ಇದ್ದ ಮನೆಗಳು ಪೇಟೆಯಲ್ಲಿ ಶೇ 42, ಹಳ್ಳಿಯಲ್ಲಿ ಶೇ 15ರಷ್ಟು ಮಾತ್ರ. ಕಂಪ್ಯೂಟರ್ ಇದ್ದ ಹಳ್ಳಿಮನೆಗಳು ನೂರಕ್ಕೆ ಐದೂ ಇರಲಿಲ್ಲ.

ಕರ್ನಾಟಕ ಸರ್ಕಾರ 2020ರ ಜೂನ್‌ನಲ್ಲಿ ಚಿಕ್ಕ ಮಕ್ಕಳ ಆನ್‌ಲೈನ್ ಕ್ಲಾಸಿಗೆ ತಡೆ ಹಾಕಿತು. ಜುಲೈನಲ್ಲಿ ಹೈಕೋರ್ಟ್ ಆ ಆದೇಶಕ್ಕೇ ತಡೆ ಕೊಟ್ಟಿತು. ಎರಡೂ ಕಡೆಯವರ ವಾದದಲ್ಲಿ ಹುರುಳಿತ್ತು. ಆದರೆ ಅಷ್ಟು ದೊಡ್ಡ ಜಗಳ ನಡೆಯುವಾಗ ಮಲೆನಾಡಿನ ಮಕ್ಕಳು ಗುಡ್ಡದ ನೆತ್ತಿಯ ಮೇಲೆ ಟಾರ್ಪಾಲಿನ ಗುಡಿಸಲು ಕಟ್ಟಿಕೊಂಡು ರೇಂಜ್ ಹುಡುಕುತ್ತಿದ್ದರು. ಆನೆ, ಕಾಡುಕೋಣ, ಇಂಬಳದ ನಡುವೆ ಹಾಜರಿ ಹಾಕಿಸಿಕೊಳ್ಳಬೇಕಿತ್ತು. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನಿಂದ ಬಂದ ಫೋಟೊ ನಿಮಗೆ ನೆನಪಿರಬಹುದು. ಮಳೆಯಲ್ಲಿ ರಸ್ತೆ ಬದಿ ಕೂತು ಕ್ಲಾಸು ಕೇಳುತ್ತಿದ್ದ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತಿದ್ದರು. ನೋಡಿದವರೆಲ್ಲ ಅಪ್ಪನ ಪ್ರೀತಿಯನ್ನು ಹೊಗಳಿದರು. ಹೊಗಳಲೇಬೇಕು. ಆದರೆ ಆ ಊರಿಗೆ ಸಿಗ್ನಲ್ ಯಾಕಿಲ್ಲ ಅಂತ ಕೇಳಿದವರು ಕಡಿಮೆ. ಕೇಳಿದ್ದು ಊರಿನವರೇ. ಹೊಸನಗರ, ಸಾಗರದ ಹಲವು ಊರುಗಳಲ್ಲಿ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಅಭಿಯಾನ ಶುರುವಾಯಿತು. ರಸ್ತೆ, ಸೇತುವೆ, ಕುಡಿಯುವ ನೀರಿಗಾಗಿ ಮತದಾನ ಬಹಿಷ್ಕಾರ ನಮಗೆ ಹೊಸದಲ್ಲ. ಮೊಬೈಲ್ ಸಿಗ್ನಲ್ ಆ ಪಟ್ಟಿಗೆ ಸೇರಿದ್ದು ಈಚೆಗೆ.

ಅದರಿಂದ ಕೆಲವು ಊರಿಗೆ ಟವರ್ ಬಂತು. ಕೇಂದ್ರ ಸರ್ಕಾರ 2022ರ ಜುಲೈನಲ್ಲಿ ₹26,316 ಕೋಟಿಯ 4ಜಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಸಿಗ್ನಲ್ ಇಲ್ಲದ 24,680 ಊರು, 2ಜಿ-3ಜಿಯಲ್ಲೇ ಉಳಿದ 6,279 ಊರು ಇದರ ಗುರಿ. ಕೆಲಸ ಬಿಎಸ್‌ಎನ್‌ಎಲ್‌ನದು. ಭಾಗಿಸಿ ನೋಡಿದರೆ ಸರಾಸರಿ ಊರಿಗೆ 85 ಲಕ್ಷ ರೂಪಾಯಿಯಷ್ಟಾಗುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ದೇಶದಾದ್ಯಂತ ಉದ್ಘಾಟನೆಯೂ ಆಯಿತು. ಹಾಗಿದ್ದರೆ ಇನ್ನೇನು ತಕರಾರು?

ಊರು ಅಂದರೆ ಎಷ್ಟು ದೂರ?

ಬಯಲುಸೀಮೆಯಲ್ಲಿ ಊರು ಅಂದರೆ ಒತ್ತೊತ್ತಾಗಿ ಕಟ್ಟಿದ ಮನೆಗಳು. ಮಧ್ಯೆ ಒಂದು ಟವರ್ ನಿಲ್ಲಿಸಿದರೆ ಸುತ್ತಲಿನ ಮೂರ್ನಾಲ್ಕು ಊರಿಗೂ ಸಿಗ್ನಲ್ ಹರಡುತ್ತದೆ. ಮಲೆನಾಡಿನ ಊರು ಹಾಗಲ್ಲ. ಇಲ್ಲೊಂದು ಮನೆ, ಅದರ ತೋಟ, ಆಚೆ ಸೊಪ್ಪಿನಬೆಟ್ಟ, ಬೆಟ್ಟದ ಕೆಳಗೆ ಇನ್ನೆರಡು ಮನೆ. ಅಡಿಕೆಗೆ ನೀರು, ನೆರಳು ಬೇಕು. ಹಾಗಾಗಿ ತೋಟ ಇರುವುದು ಕಣಿವೆಯಲ್ಲಿ. ತೋಟದ ತಲೆಯಲ್ಲೇ ಮನೆ. ಶಿವಮೊಗ್ಗ ಜಿಲ್ಲೆಯಲ್ಲಿ 2011ರ ಜನಗಣತಿ ಪ್ರಕಾರ ಚದರ ಕಿಲೋಮೀಟರಿಗೆ 207 ಜನ, ರಾಜ್ಯದ ಸರಾಸರಿ 319. ಪೇಟೆಗಳನ್ನು ಬಿಟ್ಟು ನೋಡಿದರೆ ಹಳ್ಳಿಗಳಲ್ಲಿ ಇದು ಇನ್ನೂ ಕಡಿಮೆ.

ಮೊಬೈಲ್ ಸಿಗ್ನಲ್ಲಿಗೆ ಗುಡ್ಡ ಅಡ್ಡ ಬಂದರೆ ಆಗುವುದಿಲ್ಲ. 900 ಮೆಗಾಹರ್ಟ್ಸ್‌ನಂಥ ಕೆಳಗಿನ ಬ್ಯಾಂಡಿನ ಅಲೆ ಸ್ವಲ್ಪ ಬಾಗಿ, ಮರಗಿಡ ದಾಟಿ ದೂರ ಹೋಗುತ್ತದೆ. ಹಳೇ 2ಜಿ ಫೋನಿನಲ್ಲಿ ಕಣಿವೆಯಲ್ಲೂ ಒಂದು ಕಡ್ಡಿ ಕಾಣಿಸುತ್ತಿದ್ದುದಕ್ಕೆ ಅದೂ ಒಂದು ಕಾರಣ. 1800, 2300 ಮೆಗಾಹರ್ಟ್ಸ್‌ನ ಅಲೆ ಡೇಟಾ ಜಾಸ್ತಿ ಹೊರುತ್ತದೆ, ಆದರೆ ಗುಡ್ಡದ ಹಿಂದೆ ಇಳಿಯುವುದಿಲ್ಲ. ಮಳೆಗಾಲದಲ್ಲಿ ಒದ್ದೆ ಎಲೆಯೂ ಅದನ್ನು ನುಂಗುತ್ತದೆ. ಫೈಬರ್ ಎಳೆಯಲಾಗದ ಕಡೆ ಟವರಿನಿಂದ ಟವರಿಗೆ ಮೈಕ್ರೊವೇವ್ ಕೊಂಡಿ ಇರುತ್ತದೆ. ಟವರಿನ ಮೇಲೆ ಡೋಲಿನಂತೆ ಕಾಣುವ ಬಿಳಿ ದುಂಡು ಡಬ್ಬಿ ಅದೇ. ದಪ್ಪ ಮಳೆ ಹೊಯ್ದರೆ ಆ ಕೊಂಡಿಯೂ ಸೊರಗುತ್ತದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯಂಥ ಕಡೆ ಇದು ಸಣ್ಣ ಮಾತಲ್ಲ.

ಈಗ ಲೆಕ್ಕಕ್ಕೆ ಬನ್ನಿ. ಸರ್ಕಾರದ ಪಟ್ಟಿಯಲ್ಲಿ ಊರು ಅಂದರೆ ಕಂದಾಯ ಗ್ರಾಮ. ಅದರ ಒಂದು ಮೂಲೆಗೆ ಸಿಗ್ನಲ್ ಮುಟ್ಟಿದರೂ ‘ನೆಟ್‌ವರ್ಕ್ ಇರುವ ಊರು’ ಎಂದೇ ದಾಖಲಾಗಬಹುದು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದಂತೆ 2025ರಿಂದ ಮೊಬೈಲ್ ಕಂಪನಿಗಳು ತಮ್ಮ ಸಿಗ್ನಲ್ ಎಲ್ಲೆಲ್ಲಿದೆ ಅನ್ನುವ ನಕ್ಷೆಯನ್ನು ವೆಬ್‌ಸೈಟಿನಲ್ಲಿ ಹಾಕಬೇಕು. ಒಳ್ಳೆಯ ನಿಯಮ. ಆದರೆ ಅಂಥ ನಕ್ಷೆಗಳನ್ನು ಬಹುಪಾಲು ಕಂಪ್ಯೂಟರ್ ಅಂದಾಜಿನಲ್ಲೇ ಮಾಡುತ್ತಾರೆ. ನಕ್ಷೆಯಲ್ಲಿ ಬಣ್ಣ ಬಳಿದ ಕಣಿವೆಯಲ್ಲಿ ಫೋನ್ ಹಿಡಿದು ನಿಂತರೆ ‘ನೋ ಸರ್ವೀಸ್’ ಎಂದು ತೋರಿಸಿದರೆ ಇಲ್ಲಿ ಯಾರಿಗೂ ಆಶ್ಚರ್ಯ ಆಗುವುದಿಲ್ಲ.

ಕಾಡಿನ ಮಾತೂ ಇದೆ. ಶರಾವತಿ ಕಣಿವೆಯ ದೊಡ್ಡ ಭಾಗ ಅಭಯಾರಣ್ಯ. ಟವರಿಗೆ ಜಾಗ, ಕೇಬಲ್ಲಿಗೆ ದಾರಿ, ಕರೆಂಟಿಗೆ ಕಂಬ, ಎಲ್ಲಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು. ಇದನ್ನು ಸುಮ್ನೆ ಇಲಾಖೆಯ ಹಟ ಅನ್ನಲಾರೆ. ಸಿಂಗಳೀಕ ಉಳಿದಿರುವ ಜಾಗ ಅದು. ಆದರೂ ಒಂದು ಮಾತು ಹೇಳಲೇಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಹಿನ್ನೀರು ನಿಂತಾಗ ಸಾಗರ, ಹೊಸನಗರದ ಊರುಗಳು ಮುಳುಗಿದವು. 1,035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರ ನಾಡಿಗೆಲ್ಲ ಬೆಳಕು ಕೊಟ್ಟಿತು. ಹಿನ್ನೀರಿನಾಚೆ ತುಮರಿ ಭಾಗದ ಜನ ಲಾಂಚ್ ನಂಬಿ ಕೂತರು. ಅವರಿಗೆ ಅಂಬಾರಗೊಡ್ಲು-ಕಳಸವಳ್ಳಿ ಸೇತುವೆ ಸಿಕ್ಕಿದ್ದು 2025ರ ಜುಲೈನಲ್ಲಿ. ಆರು ದಶಕ ಕಾದವರಿಗೆ ‘ಇನ್ನು ಸ್ವಲ್ಪ ದಿನ ಕಾಯಿರಿ, ಟವರ್ ಬರುತ್ತದೆ’ ಅಂದರೆ ಹೇಗೆ ಕೇಳಿಸುತ್ತದೆ ಹೇಳಿ.

ಈ ಗೊಂದಲದ ನಡುವೆ ಮಲೆನಾಡಿನ ಕಣಿವೆಗಳಿಗೆ ನಿಜವಾಗಿ ಇಂಟರ್‌ನೆಟ್ ತಂದದ್ದು ಟವರಿಗಿಂತ ಜಾಸ್ತಿ ಫೈಬರ್ ತಂತಿ. ಸ್ಥಳೀಯ ಹುಡುಗರು ಬಿಎಸ್‌ಎನ್‌ಎಲ್ ಜೊತೆ ಪಾಲುದಾರಿಕೆ ಮಾಡಿಕೊಂಡು ಕಂಬದಿಂದ ಕಂಬಕ್ಕೆ, ಕಂಬ ಇಲ್ಲದ ಕಡೆ ಮರದಿಂದ ಮರಕ್ಕೆ ಕಪ್ಪು ತಂತಿ ಎಳೆದರು. ಕೊರೊನಾ ಕಾಲದಲ್ಲಿ ಬೆಂಗಳೂರಿನಿಂದ ಊರಿಗೆ ಬಂದ ಸಾಫ್ಟ್‌ವೇರ್ ಮಕ್ಕಳು ಅದಕ್ಕೆ ಬೇಡಿಕೆ ಹುಟ್ಟಿಸಿದರು. ಮೊಬೈಲ್ ಸಿಗ್ನಲ್ಲೇ ಇಲ್ಲದ ಮನೆಯಲ್ಲಿ ಇವತ್ತು ವೈಫೈ ಕಾಲಿಂಗ್‌ನಲ್ಲಿ ಮಾತಾಡುತ್ತಾರೆ. ಇದನ್ನು ಯಾವ ಯೋಜನೆಯೂ ಲೆಕ್ಕ ಹಾಕಿ ಮಾಡಿದ್ದಲ್ಲ. ತಂತಿ ಕಡಿದರೆ ಹುಡುಗನಿಗೆ ಹೇಳಿದರಾಯಿತು, ಮಾರನೇ ದಿನ ಬೈಕಿನಲ್ಲಿ ಬಂದು ಜೋಡಿಸಿ ಹೋಗುತ್ತಾನೆ.

ಆದರೆ ಈ ತಂತಿ ಯಾರ ಮನೆಗೆ ಹೋಗುತ್ತದೆ? ಮುಖ್ಯ ಲೈನಿನಿಂದ ಒಂದು ಕಿಲೋಮೀಟರ್ ಒಳಗಿರುವ ಒಂಟಿ ಮನೆಗೆ ಕೇಬಲ್ಲಿನ ಖರ್ಚು ಮನೆಯವರದೇ. ಆಮೇಲೆ ತಿಂಗಳ ಬಾಡಿಗೆ, ರೂಟರಿಗೆ ಕರೆಂಟು, ಕರೆಂಟು ಹೋದರೆ ಯುಪಿಎಸ್. ನಾಲ್ಕು ಎಕರೆ ಅಡಿಕೆ ಇದ್ದವರಿಗೆ ಇದು ಭಾರವಲ್ಲ. ಅದೇ ತೋಟಕ್ಕೆ ಕೊನೆ ಕೊಯ್ಯಲು, ಅಡಿಕೆ ಸುಲಿಯಲು ಬರುವವರ ಮನೆಗೆ? ಬಗರ್‌ಹುಕುಂ ಜಾಗದಲ್ಲಿ ಮನೆ ಕಟ್ಟಿಕೊಂಡು, ಹಕ್ಕುಪತ್ರಕ್ಕೆ ಕಾಯುತ್ತಿರುವವರ ಮನೆಗೆ? ಒಂದೇ ಶಾಲೆಯ ಒಂದೇ ಬೆಂಚಿನ ಇಬ್ಬರು ಮಕ್ಕಳಲ್ಲಿ ಒಬ್ಬನ ಮನೆಯಲ್ಲಿ ಯೂಟ್ಯೂಬ್ ನಿಲ್ಲದೆ ಓಡುತ್ತದೆ, ಇನ್ನೊಬ್ಬಳು ಅಪ್ಪ ಕೆಲಸದಿಂದ ಬರುವವರೆಗೆ ಫೋನಿಗೆ ಕಾಯುತ್ತಾಳೆ. ಊರಿನ ಮಟ್ಟದ ಅಂಕಿಯಲ್ಲಿ ಇಬ್ಬರೂ ಒಂದೇ.

ಫೋನ್ ಯಾರ ಕೈಯಲ್ಲಿ?

ಇಲ್ಲಿ ಹಳ್ಳಿ ಮಕ್ಕಳ ಕಲಿಕೆಯನ್ನು ಅಳೆಯುವ ‘ಅಸರ್’ ಸಮೀಕ್ಷೆಯ ಅಂಕಿಗಳು ತುಂಬ ಹೇಳುತ್ತವೆ. ದೇಶದ ಹಳ್ಳಿಗಳಲ್ಲಿ ಶಾಲೆಗೆ ಹೋಗುವ ಮಕ್ಕಳ ಪೈಕಿ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದ್ದವರು 2018ರಲ್ಲಿ ಶೇ 36.5. 2021ಕ್ಕೆ ಅದು ಶೇ 67.6 ಆಯಿತು. ಮೂರೇ ವರ್ಷದಲ್ಲಿ ಹೆಚ್ಚುಕಮ್ಮಿ ಎರಡು ಪಟ್ಟು. ಆದರೆ 2021ರಲ್ಲಿ ಮನೆಯಲ್ಲಿ ಫೋನ್ ಇದ್ದ ಮಕ್ಕಳಲ್ಲೇ ಕಾಲು ಭಾಗದವರಿಗೆ ಅದು ಓದಲು ಸಿಗುತ್ತಿರಲಿಲ್ಲ. 2023ರಲ್ಲಿ 14ರಿಂದ 18 ವರ್ಷದವರನ್ನು ಕೇಳಿದಾಗ ಹತ್ತರಲ್ಲಿ ಒಂಬತ್ತು ಜನ ಫೋನ್ ಬಳಸಲು ಬರುತ್ತದೆ ಅಂದರು. ಅವರಲ್ಲಿ ಹುಡುಗರ ಪೈಕಿ ಸ್ವಂತ ಫೋನ್ ಇದ್ದವರು ಶೇ 43.7, ಹುಡುಗಿಯರ ಪೈಕಿ ಶೇ 19.8.

ಮಲೆನಾಡಿನ ಮನೆಯೊಳಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಮನೆಯ ಒಂದು ಫೋನ್ ಅಪ್ಪನ ಜೇಬಿನಲ್ಲಿ ಮಂಡಿಗೆ ಹೋಗಿರುತ್ತದೆ. ಸಂಜೆ ಬಂದ ಮೇಲೆ ಅಣ್ಣನ ಪಾಳಿ. ಅಡುಗೆ, ಕೊಟ್ಟಿಗೆ ಕೆಲಸ ಮುಗಿಸಿ ತಂಗಿ ಕೈಗೆ ಫೋನ್ ತೆಗೆದುಕೊಳ್ಳುವ ಹೊತ್ತಿಗೆ ದಿನದ ಡೇಟಾ ಮುಗಿದಿರುತ್ತದೆ. ಲೈವ್ ವಿಡಿಯೊ ಕ್ಲಾಸು ಗಂಟೆಗೆ ಅರ್ಧದಿಂದ ಒಂದು ಜಿಬಿ ತಿನ್ನುತ್ತದೆ. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕಿನಲ್ಲಿ ಎಷ್ಟು ಜನ ಎಷ್ಟು ಹೊತ್ತು ಓದಬಹುದು, ನೀವೇ ನೋಡಿ. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳು ದರವನ್ನೂ ಏರಿಸಿದವು. ಗುಡ್ಡ ಹತ್ತಿ ರೇಂಜ್ ಹುಡುಕುವ ಮಾತು ಬಂದಾಗಲೂ ಹೀಗೇ. ಹುಡುಗ ಒಬ್ಬನೇ ಹೋಗುತ್ತಾನೆ. ಹುಡುಗಿಯನ್ನು ಕತ್ತಲಾದ ಮೇಲೆ ಯಾರು ಕಳಿಸುತ್ತಾರೆ?

ಜಗತ್ತಿನ ಲೆಕ್ಕವೂ ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ 2024ರ ವರದಿ ಪ್ರಕಾರ ಇಂಟರ್‌ನೆಟ್ ಬಳಸದವರು 260 ಕೋಟಿ. ಪೇಟೆಯವರಲ್ಲಿ ಶೇ 83 ಜನ ಬಳಸುತ್ತಾರೆ, ಹಳ್ಳಿಯವರಲ್ಲಿ ಶೇ 48. ಬಳಸದವರಲ್ಲಿ ಹೆಚ್ಚಿನವರು ಸಿಗ್ನಲ್ ಇಲ್ಲದೆ ಹೊರಗುಳಿದವರಲ್ಲ. ಸಿಗ್ನಲ್ ಇದ್ದೂ ಫೋನಿಗೆ, ಡೇಟಾಕ್ಕೆ ದುಡ್ಡಿಲ್ಲದೆ ಅಥವಾ ತಮ್ಮ ಭಾಷೆಯಲ್ಲಿ ಏನೂ ಸಿಗದೆ ಉಳಿದವರು.

ಭಾಷೆಯ ವಿಷಯದಲ್ಲಿ ಕನ್ನಡ ಮಾಧ್ಯಮದ ಮಕ್ಕಳ ಪಾಡು ಎಲ್ಲರಿಗೂ ಗೊತ್ತು. ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಪಾಠ ಹುಡುಕಿದರೆ ಸಿಗುತ್ತದೆ. ಪಿಯುಸಿ ವಿಜ್ಞಾನಕ್ಕೆ ಬಂದ ಕೂಡಲೇ ಒಳ್ಳೆಯದೆಲ್ಲ ಇಂಗ್ಲಿಷಿನಲ್ಲಿ. ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕೆ ವೇದಿಕೆ ‘ಸ್ವಯಂ’ನ ಪದವಿ ಮಟ್ಟದ ಕೋರ್ಸುಗಳೂ ಬಹುತೇಕ ಇಂಗ್ಲಿಷಿನವೇ.

ಬೇರೆ ದೇಶಗಳು ಏನು ಮಾಡಿದವು?

ಪೆರು ದೇಶ 2008ರಿಂದ ‘ಮಗುವಿಗೊಂದು ಲ್ಯಾಪ್‌ಟಾಪ್’ ಯೋಜನೆಯಲ್ಲಿ ಲಕ್ಷಗಟ್ಟಲೆ ಲ್ಯಾಪ್‌ಟಾಪ್ ಹಂಚಿತು. ಹಳ್ಳಿ ಶಾಲೆಗಳಲ್ಲಿ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಣಿತದಲ್ಲೂ ಭಾಷೆಯಲ್ಲೂ ಸುಧಾರಣೆ ಕಾಣಲಿಲ್ಲ. ಯಂತ್ರ ಬಂತು, ಅದರಲ್ಲಿ ಏನು ಕಲಿಸಬೇಕು ಅಂತ ಮೇಷ್ಟರಿಗೆ ಯಾರೂ ಸರಿಯಾಗಿ ಹೇಳಿಕೊಡಲಿಲ್ಲ.

ಸಿಯೆರಾ ಲಿಯೋನ್ ಇನ್ನೂ ಬಡ ದೇಶ. 2014-15ರಲ್ಲಿ ಎಬೋಲಾದಿಂದ ಶಾಲೆ ಮುಚ್ಚಿದಾಗ ಅಲ್ಲಿ ರೇಡಿಯೊದಲ್ಲಿ ಪಾಠ ಹೇಳಿದರು. ಕೊರೊನಾ ಬಂದಾಗ ಅದೇ ಅನುಭವ ಕೈಗೆ ಬಂತು. ನಮಗೂ ಭದ್ರಾವತಿ ಆಕಾಶವಾಣಿ ಇದೆ. ‘ಕೇಳಿ ಕಲಿ’ ರೇಡಿಯೊ ಪಾಠಗಳನ್ನು ಶಾಲೆಯಲ್ಲಿ ಕೂತು ಕೇಳಿದ ಮಕ್ಕಳಿದ್ದಾರೆ. 2020ರಲ್ಲಿ ದೂರದರ್ಶನದ ಚಂದನದಲ್ಲಿ ‘ಸಂವೇದ’ ಪಾಠವೂ ಬಂತು. ಹಳೇ ಸಾಧನ ಅಂತ ಇವನ್ನು ಬದಿಗಿಡುವುದು ದೊಡ್ಡಸ್ತಿಕೆ ಅಷ್ಟೇ.

ನನಗೆ ತುಂಬ ಮುಖ್ಯ ಅನ್ನಿಸುವುದು ಬೋಟ್ಸ್‌ವಾನಾದ ಪ್ರಯೋಗ. 2020ರಲ್ಲಿ ಅಲ್ಲಿ ಸುಮಾರು 4,500 ಕುಟುಂಬಗಳನ್ನು ಆರಿಸಿ ಕೆಲವರಿಗೆ ವಾರಕ್ಕೊಮ್ಮೆ ಎಸ್‌ಎಂಎಸ್‌ನಲ್ಲಿ ಲೆಕ್ಕ ಕಳಿಸಿದರು. ಇನ್ನು ಕೆಲವರಿಗೆ ಎಸ್‌ಎಂಎಸ್ ಜೊತೆ ವಾರಕ್ಕೊಮ್ಮೆ ಇಪ್ಪತ್ತು ನಿಮಿಷ ಫೋನ್ ಮಾಡಿ ಮಗುವಿನ ಜೊತೆ ಲೆಕ್ಕ ಬಿಡಿಸಿದರು. ಬರೀ ಎಸ್‌ಎಂಎಸ್ ಹೋದ ಮನೆಯಲ್ಲಿ ಫಲ ಹೆಚ್ಚುಕಮ್ಮಿ ಸೊನ್ನೆ. ಫೋನ್ ಬಂದ ಮನೆಯ ಮಕ್ಕಳು ನಿಜಕ್ಕೂ ಕಲಿತರು. ಆಮೇಲೆ ಭಾರತ, ನೇಪಾಳ, ಕೀನ್ಯಾ, ಉಗಾಂಡಾ, ಫಿಲಿಪ್ಪೀನ್ಸ್‌ನಲ್ಲಿ ದೊಡ್ಡದಾಗಿ ಮಾಡಿದಾಗಲೂ ಫೋನ್ ಪಾಠ ಕೆಲಸ ಮಾಡಿತು. ಇದಕ್ಕೆ ಸ್ಮಾರ್ಟ್‌ಫೋನ್ ಬೇಡ, 4ಜಿ ಬೇಡ, ಕೀಪ್ಯಾಡ್ ಫೋನ್ ಸಾಕು. ಆಚೆ ತುದಿಯಲ್ಲಿ ‘ಗೊತ್ತಾಯ್ತಾ ಮಗಾ?’ ಅಂತ ಕೇಳುವ ಒಬ್ಬ ಮನುಷ್ಯ ಬೇಕು.

ಕರ್ನಾಟಕಕ್ಕೂ ಇದು ಗೊತ್ತಿಲ್ಲದ ವಿಷಯವಲ್ಲ. 2020ರ ಆಗಸ್ಟ್‌ನಲ್ಲಿ ಶುರುವಾದ ‘ವಿದ್ಯಾಗಮ’ದಲ್ಲಿ ಮೇಷ್ಟರು, ಟೀಚರುಗಳು ಮಕ್ಕಳಿದ್ದ ಕಡೆಗೇ ಹೋದರು. ದೇವಸ್ಥಾನದ ಅಂಗಳ, ಮನೆಯ ಜಗಲಿ, ಮರದಡಿ, ಸಿಕ್ಕಿದ ಕಡೆ ಪಾಠ. ಸ್ಮಾರ್ಟ್‌ಫೋನ್ ಇದ್ದವರು, ಬರೀ ಫೋನ್ ಇದ್ದವರು, ಯಾವುದೂ ಇಲ್ಲದವರು ಅಂತ ಮಕ್ಕಳನ್ನು ಗುಂಪು ಮಾಡಿಕೊಂಡು ಒಬ್ಬೊಬ್ಬರಿಗೆ ಒಂದೊಂದು ದಾರಿ ಹುಡುಕಿದ್ದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದು ನಿಂತಿತು. ಒಂದರಿಂದ ಐದನೇ ತರಗತಿಯ ಮಕ್ಕಳು ಶಾಲೆಗೆ ಮರಳಿದ್ದು 2021ರ ಅಕ್ಟೋಬರ್ ಕೊನೆಗೆ. ಅದರ ಬೆಲೆ ದೊಡ್ಡದು. ಕರ್ನಾಟಕವೂ ಸೇರಿ ಐದು ರಾಜ್ಯಗಳ 16 ಸಾವಿರ ಮಕ್ಕಳನ್ನು 2021ರ ಜನವರಿ ಹೊತ್ತಿಗೆ ನೋಡಿದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ ಶೇ 92 ಮಕ್ಕಳು ಭಾಷೆಯಲ್ಲಿ ಕನಿಷ್ಠ ಒಂದು ಕೌಶಲವನ್ನು ಮರೆತಿದ್ದರು.

ಕೊರೊನಾ ಮುಗಿಯಿತಲ್ಲ?

ಮುಗಿಯಿತು. ಆದರೆ ಆನ್‌ಲೈನ್ ಅವಲಂಬನೆ ಮುಗಿದಿಲ್ಲ, ಬೆಳೆದಿದೆ. ಯುಜಿಸಿಯ 2021ರ ನಿಯಮದಂತೆ ಒಂದು ಪದವಿಯಲ್ಲಿ ಶೇ 40ರವರೆಗಿನ ಕೋರ್ಸುಗಳನ್ನು ‘ಸ್ವಯಂ’ ಮೂಲಕವೇ ಮಾಡಬಹುದು. ವಿದ್ಯಾರ್ಥಿವೇತನದ ಅರ್ಜಿ ಆನ್‌ಲೈನ್. ಸಿಇಟಿ ಆಪ್ಷನ್ ಎಂಟ್ರಿ ಆನ್‌ಲೈನ್, ಅದೂ ಮಳೆಗಾಲದ ಹೊತ್ತಿಗೇ, ಕೊನೇ ದಿನಾಂಕ ಬೇರೆ. ನೀಟ್ ತಯಾರಿಗೆ ಶಿವಮೊಗ್ಗದಲ್ಲಿ ರೂಮು ಮಾಡಿಕೊಂಡು ಓದಲಾಗದ ಹುಡುಗಿಗೆ ಮನೆಯಲ್ಲೇ ಕೂತು ಕಲಿಯಲು ಇರುವ ಅಗ್ಗದ ದಾರಿಯೂ ಆನ್‌ಲೈನೇ. ಅಂದರೆ ಯಾರಿಗೆ ಇದು ಜಾಸ್ತಿ ಬೇಕೋ ಅವರ ಮನೆ ಕಣಿವೆಯಲ್ಲಿದೆ.

2019ರಲ್ಲೇ ಕೇರಳ ಹೈಕೋರ್ಟ್ ಹಾಸ್ಟೆಲ್ ವಿದ್ಯಾರ್ಥಿನಿಯೊಬ್ಬರ ಪ್ರಕರಣದಲ್ಲಿ ಇಂಟರ್‌ನೆಟ್ ಬಳಕೆಯನ್ನು ಶಿಕ್ಷಣದ ಹಕ್ಕಿನ ಭಾಗ ಎಂದು ಹೇಳಿತ್ತು. ಹಕ್ಕು ಅಂದಮೇಲೆ ಅದನ್ನು ಮನೆಯ ಲೆಕ್ಕದಲ್ಲಿ ಕೊಡಬೇಕು, ಕಂದಾಯ ಗ್ರಾಮದ ಲೆಕ್ಕದಲ್ಲಿ ಅಲ್ಲ.

ಎಲ್ಲ ಒಂಟಿ ಮನೆಗೂ ನಾಳೆಯೇ ತಂತಿ ಎಳೆಯಲು ಆಗುವುದಿಲ್ಲ, ಒಪ್ಪೋಣ. ಆದರೆ ಮಕ್ಕಳು ಹೇಗೂ ಬರುವ ಜಾಗಗಳಿವೆ. ಶಾಲೆ ಒಂದು. ಪಂಚಾಯಿತಿಯ ಗ್ರಂಥಾಲಯ, ಈಗಿನ ‘ಅರಿವು ಕೇಂದ್ರ’, ಇನ್ನೊಂದು. 2020ರ ನವೆಂಬರ್‌ನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಬಂದಾಗಿನಿಂದ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಒಳ್ಳೆಯ ಫೈಬರ್, ಇನ್ವರ್ಟರ್, ನಾಲ್ಕು ಕಂಪ್ಯೂಟರ್, ಪಾಠಗಳನ್ನು ಮೊದಲೇ ಇಳಿಸಿಟ್ಟುಕೊಂಡ ಒಂದು ಹಾರ್ಡ್‌ಡಿಸ್ಕ್ ಇಟ್ಟರೆ ನೆಟ್ ಹೋದ ದಿನವೂ ಕೆಲಸ ನಡೆಯುತ್ತದೆ. ಸಮಯ ಮಾತ್ರ ಶಾಲೆಯ ಹೊತ್ತಿಗೆ ಹೊಂದಬೇಕು. ಸಂಜೆ ಕೊನೇ ಬಸ್ಸು ಹೋದ ಮೇಲೆ ತೆರೆದಿದ್ದರೆ ಹುಡುಗಿಯರಿಗೆ ಅದು ಇದ್ದೂ ಇಲ್ಲದಂತೆ. ಮಳೆ ರಜೆಯ ವಾರಗಳಲ್ಲಿ ಮೇಷ್ಟರು ಮಕ್ಕಳಿಗೆ ಸರದಿಯಲ್ಲಿ ಫೋನ್ ಮಾಡುವುದಕ್ಕೆ ಒಂದು ವ್ಯವಸ್ಥೆ, ಅದಕ್ಕೆ ತಕ್ಕ ಭತ್ಯೆ ಮಾಡಬಹುದು. ವಾಟ್ಸ್‌ಆ್ಯಪ್ ಗ್ರೂಪಿಗೆ ಪಿಡಿಎಫ್ ತಳ್ಳುವುದಕ್ಕಿಂತ ಅದು ಎಷ್ಟೋ ಮೇಲು.

ಸಿಗ್ನಲ್ ಪರೀಕ್ಷೆಯನ್ನೂ ಜನವರಿಯ ಬಿಸಿಲಿನಲ್ಲಿ, ರಸ್ತೆ ಮೇಲೆ ಕಾರು ಓಡಿಸಿ ಮಾಡಿದರೆ ಪ್ರಯೋಜನವಿಲ್ಲ. ಜುಲೈ ಕೊನೇ ವಾರದಲ್ಲಿ, ಕರೆಂಟು ಹೋಗಿ ಆರು ಗಂಟೆಯಾದ ಮೇಲೆ, ತೋಟದ ಮನೆಯ ಜಗಲಿಯಲ್ಲಿ ನಿಂತು ಮಾಡಬೇಕು. ಗ್ರಾಮಸಭೆಯಲ್ಲಿ ಎದ್ದು ಕೇಳಬಹುದಾದ ಪ್ರಶ್ನೆಗಳೂ ಸರಳವಾಗಿವೆ. ನಮ್ಮೂರ ಟವರಿನ ಬ್ಯಾಟರಿ ಎಷ್ಟು ಗಂಟೆ ಬರುತ್ತದೆ? ಜನರೇಟರ್ ಇದ್ದರೆ ಅದಕ್ಕೆ ಡೀಸೆಲ್ ಹಾಕುವವರು ಯಾರು? ಟವರ್ ಕೆಟ್ಟರೆ ಯಾವ ನಂಬರಿಗೆ ಫೋನ್ ಮಾಡಬೇಕು, ಮತ್ತು ಟವರೇ ಕೆಟ್ಟಿರುವಾಗ ಆ ಫೋನನ್ನು ಎಲ್ಲಿಂದ ಮಾಡಬೇಕು?